ಬದಲಿ ಕಾಸು

“ಸ್ವಾಮಿ, ಇದು ನಮ್ದಲ್ಲ,” ಎಂದು ದ್ಯಾಮಮ್ಮ ತಾಮ್ರದ ಕಾಸನ್ನು ಮೇಜಿನ ಮೇಲೆ ಇಟ್ಟಳು.

ಬಸವರಾಜ ನಕ್ಕ. ಕಡೂರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಳೆಯ ಸಂಸ್ಥಾನಗಳ ಕಾಸು ಕೂಡಿಡುವ ಹುಚ್ಚು. ಎಪ್ಪತ್ತೆಂಟರ ಯುಗಾದಿ ಕಳೆದ ಮೇಲೆ ಹತ್ತಿರದ ಹಳ್ಳಿ ಯಗಟಿಗೆ ಹೋಗಿದ್ದಾಗ, ಕಾಗದದ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಹಿಂತಿರುಗಿಸುತ್ತೇನೆಂದು ಹೇಳಿ ದ್ಯಾಮಮ್ಮನ ಮನೆಯ ಆನೆ ಕಾಸನ್ನು ತಂದಿದ್ದ. ಮಹಾಲಯ ಅಮಾವಾಸ್ಯೆ ನಾಳೆ ಎನ್ನುವಾಗ ಅವಳೇ ಬಸ್ಸು ಹತ್ತಿ ಬಂದಿದ್ದಳು.

“ಅದೇ ಮೈಸೂರು ಅರಸರದ್ದು, ಅದೇ ಆನೆ ಕಣಮ್ಮ.”

“ನಮ್ ಆನೆಗೆ ಸೊಂಡ್ಲು ಇರ್ಲಿಲ್ಲ. ನಮ್ಮತ್ತೆ ಎಲೆಅಡ್ಕೆ ಹಾಕ್ಕೊಂಡು ಕೂತಾಗೆಲ್ಲ ಹೆಬ್ಬೆಟ್ಟಲ್ಲಿ ಉಜ್ಜಿ ಉಜ್ಜಿ ಸವೆಸಿಬಿಟ್ಟಿದ್ರು.”

“ನೋಡಮ್ಮ, ಸೊಂಡಿಲು ಇರೋ ಆನೆ ಕೊಟ್ರೂ ತಕರಾರು!”

ಅವನ ಹೆಂಡತಿ ವಿಮಲಮ್ಮ ಮಜ್ಜಿಗೆಯ ಲೋಟವನ್ನು ದ್ಯಾಮಮ್ಮನ ಕೈಗಿಟ್ಟು, ಕುರ್ಚಿ ಎಳೆದು ಕೂರಿಸಿದಳು. ಆಮೇಲೆ ಗಂಡನತ್ತ ತಿರುಗಿದಳು. “ಅದನ್ನ ಕೊಟ್ಟು ಬರೋಡ ಸಂಸ್ಥಾನದ ಕಾಸು ತಗೊಂಡೆ ಅಂತ ನಿಜ ಹೇಳಬಾರದಾ?”

ಬಸವರಾಜನ ನಗು ಆರಿತು. “ಅದರ ಹಿಂದಿದ್ದ ಇಸವಿ ಅಪರೂಪದ್ದು. ಹೈದರಾಬಾದಿನವನೊಬ್ಬ ಕೇಳಿದ, ಕೊಟ್ಟೆ. ಬದಲಿಗೆ ಚೆನ್ನಾಗಿರೋದನ್ನೇ ಹುಡುಕಿ ಕೊಡ್ತಿದೀನಲ್ಲ?”

“ನಾಳೆ ಹಿರೀಕರ ಹಬ್ಬ ಸ್ವಾಮಿ. ಅತ್ತೇದು ಪಟ ಗಿಟ ಏನೂ ಇಲ್ಲ. ಆ ಕಾಸನ್ನ ಕಳಸದೊಳಗೆ ಬಿಟ್ಟೇ ನಾವು ಅವ್ರಿಗೆ ಎಡೆ ಇಕ್ಕೋದು.”

“ಇದನ್ನೇ ಬಿಡಮ್ಮ. ಅವರೇನು ನೋಡೋಕೆ ಬರ್ತಾರಾ?”

“ಬತ್ತಾರೆ ಅಂತಾನೇ ಅಲ್ವಾ, ಎಡೆ ಇಕ್ಕೋದು?”

ಮೇಜಿನ ಮೇಲಿದ್ದ ಕಾಸನ್ನು ಸ್ವಲ್ಪ ಹೊತ್ತು ನೋಡಿ, ದ್ಯಾಮಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೆಯ ದಿನ ಅವಳು ಎರಡು ಕಳಸ ಇಟ್ಟು ಎರಡು ಎಲೆ ಹಾಕಿದಳು. ಒಂದು ಕಳಸದೊಳಕ್ಕೆ ಬದಲಿ ಕಾಸನ್ನು ಬಿಟ್ಟಾಗ ಗಂಡ ಈರಪ್ಪ ರೇಗಿದ.

“ಯಾರ್ದೋ ಕಾಸಿಗೆ ನಮ್ಮನೇಲಿ ಎಡೆ ಯಾಕೇ?”

“ಇವ್ರೂ ಯಾರ ಮನೆ ಹಿರೀಕರೋ ಏನೋ. ನಮ್ದನ್ನ ತಗೊಂಡೋದಂಗೇ ಆ ಬ್ಯಾಂಕಿನ ಸ್ವಾಮಿ ಇವ್ರನ್ನೂ ಎತ್ಕೊಂಡು ಬಂದಿರ್ತಾರೆ. ಬಾಗ್ಲಿಗೆ ಬಂದೋರು ಉಪಾಸ ಇರ್ಲಾ?”

ಆ ಎಲೆಗೇ ಮೊದಲು ಬಡಿಸಿದಳು. ಅತ್ತೆಯ ಕಳಸದಲ್ಲಿ ಬರೀ ನೀರಿತ್ತು.