ಯಾವ ಆಡಂ?

“ಆಡಂ ಅನ್ನೋದು ಆಯ್ತಪ್ಪ. ಯಾವ ಆಡಂ?” ಗುಮಾಸ್ತ ಥರ್ಸ್ಟನ್ ಲೇಖನಿಯನ್ನು ಮಸಿಯಲ್ಲಿ ಅದ್ದಿ ಕೇಳಿದ.

ಆಡಂ ಬೆವರಿದ. ಏಳು ವರ್ಷ ಗುರುವಿನ ಅಂಗಡಿಯಲ್ಲಿ ಕೈಗವಸು ಹೊಲಿಯುವುದನ್ನು ಕಲಿತು, ಯಾರ್ಕ್ ನಗರದಲ್ಲಿ ಸ್ವಂತ ಅಂಗಡಿ ಹಾಕುವ ಹಕ್ಕು ಪಡೆಯಲು ಅವನು ಸೇತುವೆ ಮೇಲಿನ ದಫ್ತರಕ್ಕೆ ಬಂದಿದ್ದ. ಗುಮಾಸ್ತನ ಪುಸ್ತಕದಲ್ಲಿ ಒಮ್ಮೆ ಬಿದ್ದ ಹೆಸರೇ ಅಂಗಡಿಗೂ, ಮಕ್ಕಳುಮರಿಗೂ. ಇಡೀ ಯಾರ್ಕ್ ಅವನನ್ನು ಸ್ವೈನ್‌ಮೈರ್ ಆಡಂ ಎನ್ನುತ್ತಿತ್ತು. ಸ್ವೈನ್‌ಮೈರ್ ಅವನು ಹುಟ್ಟಿದ ಹಳ್ಳಿ. ಹಾಗೆಂದರೆ ಹಂದಿ ಹೊರಳುವ ಕೆಸರು. ಮದುವೆ ನಿಶ್ಚಯವಾಗಿದ್ದ ಸಿಸ್ಲಿ ಬೆಳಿಗ್ಗೆಯೇ ಖಡಾಖಂಡಿತ ಹೇಳಿಬಿಟ್ಟಿದ್ದಳು: “ಬೇರೆ ಹೆಸರು ಬರೆಸ್ಕೊಂಡು ಬಾ. ಇಲ್ಲಾಂದ್ರೆ ಆ ಕೆಸರಿಗೆ ಬೇರೆ ಯಾವಳನ್ನಾದ್ರೂ ಹುಡುಕ್ಕೋ.” ಈಗ ಕೆಳಗೆ ನಿಂತು ಕಿಟಕಿಯನ್ನೇ ನೋಡುತ್ತಿದ್ದಳು.

“ಯಾರ್ಕ್ ಅಂತ ಬರ್ಕೊಳ್ಳಿ ಸ್ವಾಮಿ. ಯಾರ್ಕಿನ ಆಡಂ.”

“ಯಾರ್ಕಲ್ಲಿ ಕೂತು ಯಾರ್ಕಿನವನು ಅಂದ್ರೆ, ಕುರಿ ಹಿಂಡಲ್ಲಿ ನಿಂತು ‘ಉಣ್ಣೆ ಇರೋ ಕುರಿ ನಾನೇ’ ಅಂದ ಹಾಗಾಯ್ತು. ಊರ ಹೆಸರು ಊರು ಬಿಟ್ಟು ಬಂದೋರಿಗೆ ಕಣಯ್ಯಾ. ಬೇರೆ ಹೇಳು.”

“ಹಾಗಾದ್ರೆ, ಕೈಗವಸಿನ ಆಡಂ?”

“ಆಗ್ಲೇ ಇಬ್ಬರಿದಾರೆ. ಒಬ್ಬ ಮೊನ್ನೆ ಪಕ್ಕದ ಮನೆ ಬಾತುಕೋಳಿ ಕದ್ದು ಸಿಕ್ಕಿಬಿದ್ದ. ಅವನ ಹೆಸರೇ ಬೇಕಾ ನಿಂಗೆ?”

“ಅಯ್ಯೋ, ಬೇಡ. ಲಂಡನ್?”

“ನೋಡಿದೀಯಾ?”

“ನೋಡಿ ಬಂದೋರನ್ನ ನೋಡಿದೀನಿ.”

ಥರ್ಸ್ಟನ್ ಲೇಖನಿ ಕೆಳಗಿಟ್ಟ. “ದೇವರು ಸೃಷ್ಟಿಸಿದ ಮೊದಲನೇ ಆಡಂ ಪುಣ್ಯವಂತ. ಇಡೀ ತೋಟಕ್ಕೆ ಅವನೊಬ್ಬನೇ. ದೇವರು ಕೂಗಿದ್ರೆ ‘ಯಾವ ಆಡಂ’ ಅಂತ ಕೇಳೋ ಹಾಗೇ ಇರಲಿಲ್ಲ. ನೋಡು ತಮ್ಮಾ, ಹೆಸರು ಅನ್ನೋದು ಬೆನ್ನ ಹಿಂದೆ ನಿಂತು ಜನ ಕೂಗೋದು. ಸೇತುವೆ ಮೇಲೆ ಒಂದು ಸುತ್ತು ಹೋಗಿ ಬಾ, ನಾನು ಕಿಟಕೀಲಿ ಕೂತಿರ್ತೀನಿ. ಏನಂತ ಕೂಗ್ತಾರೋ ಅದನ್ನೇ ಬರೀತೀನಿ.”

ಆಡಂ ಮೆಟ್ಟಿಲಿಳಿದು ಓಡಿ ಸಿಸ್ಲಿಯ ಕಿವಿಯಲ್ಲಿ ಉಸುರಿದ. ಅವಳು ಹಿಂದಿನಿಂದ ‘ಆಡಂ ಫೇರ್‌ಫೀಲ್ಡ್’ ಎಂದು ಕೂಗುವುದೆಂದು ಇಬ್ಬರೂ ಸೇರಿ ಗೊತ್ತುಮಾಡಿದರು. ಅಂದರೆ ಚೆಂದದ ಹೊಲ! ಅಂಥ ಊರು ಇದೆಯೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಆಡಂ ಎದೆಯುಬ್ಬಿಸಿ, ನಾಲ್ಕು ಹೊಲಗಳ ಒಡೆಯನಂತೆ ಹೆಜ್ಜೆಯಿಡುತ್ತ ಸೇತುವೆಯ ಇಳಿಜಾರಿನಲ್ಲಿ ಹೊರಟ.

ಅಷ್ಟರಲ್ಲಿ ಮೇಲೆ ನಿಂತಿದ್ದ ಗಾಡಿಯಿಂದ ಬಿಯರಿನ ಪೀಪಾಯಿಯೊಂದು ಹಗ್ಗ ಕಿತ್ತುಕೊಂಡು ಉರುಳಿತು. ದಡದಡ ಸದ್ದು ಮಾಡುತ್ತ ನೇರ ಆಡಂನ ಬೆನ್ನಿಗೇ ಬಂತು.

“ಆಡಂ!” ಸಿಸ್ಲಿ ಕಿರುಚಿದಳು.

ಆರು ಜನ ತಿರುಗಿ ನೋಡಿದರು. ಅದರಲ್ಲೊಬ್ಬ ಪಾದ್ರಿ. ಇವಳ ಆಡಂ ಮಾತ್ರ ತಿರುಗಲಿಲ್ಲ. ಹೆಸರಿನ ಉಳಿದರ್ಧಕ್ಕೆ ಕಾಯುತ್ತ ಇನ್ನಷ್ಟು ಗತ್ತಿನಿಂದ ನಡೆದ.

“ಆಡಂ ಫೇರ್... ಫೀರ್... ಥೂ, ಅದೇನೋ ಹೊಲ!” ಪೀಪಾಯಿ ಇನ್ನು ಮೂರು ಮಾರು ದೂರವಿತ್ತು. “ಲೇ, ಸ್ವೈನ್‌ಮೈರ್! ಪಕ್ಕಕ್ಕೆ ಹಾರೋ!”

ಸ್ವೈನ್‌ಮೈರ್ ಹಾರಿದ. ಹಾರಿ, ಮೀನು ಮಾರುವವಳೊಬ್ಬಳ ಮೀನಿನ ರಾಶಿಯ ಮೇಲೆ ಬೋರಲು ಬಿದ್ದ. ಪೀಪಾಯಿ ಅವನ ಟೋಪಿಯನ್ನು ಅಪ್ಪಚ್ಚಿ ಮಾಡಿ, ಕೆಳಗಿನ ಗೋಡೆಗೆ ಬಡಿದು ಒಡೆಯಿತು. ಪಾದ್ರಿಯನ್ನೂ ಸೇರಿಸಿ ಆರೂ ಆಡಂಗಳು ಬೊಗಸೆಯೊಡ್ಡಿಕೊಂಡು ಓಡಿದರು.

ಸಿಸ್ಲಿ ಅವನ ರಟ್ಟೆ ಹಿಡಿದು ದರದರ ಎಳೆದುಕೊಂಡು ಮೆಟ್ಟಿಲು ಹತ್ತುವ ಹೊತ್ತಿಗೆ ಥರ್ಸ್ಟನ್ ಬರೆದು ಮುಗಿಸಿ, ಮಸಿ ಒಣಗಲೆಂದು ಅದರ ಮೇಲೆ ಮರಳು ಉದುರಿಸುತ್ತಿದ್ದ. “ತಿರುಗಿ ನೋಡಿದ ಆಡಂಗಳು ಆರು ಜನ. ಹಾರಿದ ಸ್ವೈನ್‌ಮೈರ್ ಒಬ್ಬನೇ. ಇನ್ನು ಅಳಿಸೋಕಾಗಲ್ಲಪ್ಪ.”

ಆಡಂ ಕುತ್ತಿಗೆಗೆ ಅಂಟಿದ್ದ ಮೀನು ಕಿತ್ತು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಸಿಸ್ಲಿಯನ್ನು ನೋಡಿದ. “ಹಾಗಾದ್ರೆ... ಮದುವೆ?”

ಸಿಸ್ಲಿಗೆ ಇನ್ನೂ ಏದುಸಿರು. ಆ ಹಸಿ ಅಕ್ಷರಗಳನ್ನೇ ದುರುಗುಟ್ಟಿ ನೋಡಿದಳು.

“ಮದುವೆ ಇದ್ದೇ ಇದೆ. ಆದ್ರೆ ಗಂಡು ಹುಟ್ಟಿದ್ರೆ ಆಡಂ ಅಂತ ಮಾತ್ರ ಇಡಬೇಡ. ಜೀವ ಹೋಗೋ ಹೊತ್ತಲ್ಲಿ ಆ ಹೆಸರು ಏನಕ್ಕೂ ಬರಲ್ಲ.”