ಡಾಯ್ಲ್ ಮಿಸ್ಸಿನ ಹೆಸರು

ಹುಣಸೆಹಣ್ಣಿನಿಂದ ಹಿತ್ತಾಳೆ ಉಜ್ಜಿದ ವಾಸನೆ ಬಂದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಸ್ವಾತಂತ್ರ್ಯ ಬಂದ ವರ್ಷ ನನಗೆ ಎಂಟು. ನಜರ್‌ಬಾದಿನ ನಮ್ಮ ಪಕ್ಕದ ಮನೆಯ ಡಾಯ್ಲ್ ಮಿಸ್ ನನಗೆ ಕಸೂತಿ ಕಲಿಸುತ್ತಿದ್ದರು. ಬಿಳಿಯರ ಮನೆಗಳನ್ನು ಖಾಲಿ ಮಾಡಿಸುತ್ತಾರಂತೆ ಎಂದು ಬೀದಿಯಲ್ಲಿ ಗುಸುಗುಸು ಇತ್ತು. ಒಂದು ಮಧ್ಯಾಹ್ನ ಅವರು ಗೇಟಿನ ಹಿತ್ತಾಳೆಯ ಹೆಸರುಫಲಕವನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು.

“ಡಾಯ್ಲ್ ಅಂದ್ರೇನು ಮಿಸ್?”

“ಕಪ್ಪು ಪರದೇಶಿ ಅಂತ. ಹಡಗಲ್ಲಿ ಬಂದ ಲೂಟಿಕೋರರಿಗೆ ಐರ್ಲೆಂಡಿನ ಜನ ಇಟ್ಟ ಹೆಸರಂತೆ. ಈಗ ಅಲ್ಲಿ ಬೀದಿಗೊಬ್ಬ ಡಾಯ್ಲ್ ಇದಾನಂತೆ. ಇಲ್ಲಿ ನಾನೊಬ್ಬಳೇ,” ಎಂದು ನಕ್ಕರು.

ನಮ್ಮ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಅಜ್ಜಿ ನಗಲಿಲ್ಲ. “ಕಾಲ ಸರಿಯಿಲ್ಲ ಕಣ್ರೀ. ಆ ಹಲಗೆ ತೆಗೆದ್ಬುಡಿ.”

ಅಷ್ಟರಲ್ಲಿ ಗುರುತಿಲ್ಲದ ಇಬ್ಬರು ಸೈಕಲ್ ನಿಲ್ಲಿಸಿ, ಫಲಕವನ್ನು ಅಕ್ಷರ ಅಕ್ಷರವಾಗಿ ಓದಿ ಬರೆದುಕೊಂಡರು. ಒಬ್ಬ ನನ್ನತ್ತ ಬಾಗಿದ. “ಇವರ ಜೊತೆ ಇನ್ಯಾರವ್ರೆ ಪುಟ್ಟಿ?”

“ಯಾರೂ ಇಲ್ಲ, ಒಬ್ಬರೇ,” ಎಂದೆ.

ಮಿಸ್ಸಿನ ಕೈ ನಿಂತಿತು. “ಸಂಜೆ ಬರ್ತೀವಿ,” ಎಂದು ಆ ಇಬ್ಬರೂ ಹೊರಟುಹೋದರು. ಅಜ್ಜಿ ನನ್ನನ್ನು ಒಳಗೆಳೆದು ಅಗಳಿ ಹಾಕಿದಳು.

ಹೊತ್ತು ಇಳಿಯುವಾಗ ಯಾರೋ ನಮ್ಮ ಬಾಗಿಲು ಬಡಿದರು. ಮಿಸ್. ನನ್ನ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದರು. ಅಜ್ಜಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ನಾನು ಆ ಕೈಯನ್ನು ಸರಿಸಲು ನೋಡಲಿಲ್ಲ.