ಬಿಚ್ಚಿದ ಬಳ್ಳಿ

ಮಿಷಿನ್ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ಮುದುಡುತ್ತವೆ.

ದಿಲ್‌ಸುಖ್‌ನಗರದ ಮನೆಯಲ್ಲಿ ಅವ್ವ, ಹೊಲಿಗೆ ಮಿಷಿನ್ನಿನ ಹಲ್ಲುಗಳು ಬಟ್ಟೆ ಎಳೆಯದಂತೆ ಅವುಗಳ ಮೇಲೆ ಹಳೆಯ ಎಕ್ಸ್‌ರೇ ಹಾಳೆ ಅಂಟಿಸಿ, ಕೌದಿಯನ್ನು ಕೈಯಿಂದಲೇ ಬೇಕಾದತ್ತ ತಿರುಗಿಸುತ್ತ ಅದರ ತುಂಬ ಬಳ್ಳಿಯ ಚಿತ್ತಾರ ಹೊಲಿದಿದ್ದಳು. ಬೀದರಿನಿಂದ ಬಂದಿದ್ದ ಸೋದರತ್ತೆ ಅದನ್ನು ತೊಡೆಯ ಮೇಲೆ ಎಳೆದುಕೊಂಡು ಬ್ಲೇಡಿನಿಂದ ಹೊಲಿಗೆ ಕತ್ತರಿಸತೊಡಗಿದರು.

“ಕೈಲೆ ಹೊಲೀಲಾರದ್ದು ಕೌದಿ ಹೆಂಗಾಗ್ತೈತಿ? ನಮ್ಮ ಮನ್ಯಾಗ ಇದು ನಡ್ಯಂಗಿಲ್ಲ” ಎಂದು, ನನ್ನ ಕೈಗೊಂದು ಪೇಡೆ ಕೊಟ್ಟು ದಾರ ಎಳೆಯಲು ಕೂರಿಸಿಕೊಂಡರು.

ನಾನು ಎಳೆದೆ. ದಾರ ಸರ್ರನೆ ಬರುತ್ತಿದ್ದುದು ಖುಷಿಯಾಗಿತ್ತು.

“ಬಿಚ್ಚರಿ ಅಕ್ಕಾರ. ತೂತು ಹಂಗೇ ಇರ್ತಾವ” ಎಂದಳು ಅವ್ವ.

ಅತ್ತೆ ಊರಿಗೆ ಹೋದ ಮೇಲೆ ಅದೇ ತೂತುಗಳ ಗುಂಟ ಮತ್ತೆ ಬಳ್ಳಿ ಹೊಲಿದಳು. ಆ ಚಳಿಗಾಲವೆಲ್ಲ ಕೌದಿಯನ್ನು ನನ್ನ ಪಕ್ಕ ಮಲಗುತ್ತಿದ್ದ ತಂಗಿಗಷ್ಟೇ ಹೊದಿಸಿದಳು.